ನೂರು ಮೀಟರಿನ ಬೋರ್ಡು

ಉಡುಪಿಯಲ್ಲಿ ಕೆಲವು ಗೆಳೆಯರು ಸೇರಿ ಒಂದು ಸಂಜೆ ನನ್ನನ್ನು ಮಾತಾಡಲು ಕರೆದಿದ್ದರು. ವಿಷಯ ಕಾರ್ ರೇಸು. ಬಂದವರಲ್ಲಿ ಕಾಲೇಜು ಹುಡುಗರಿದ್ದರು, ಬಸ್ಸು ರಿಕ್ಷಾ ಓಡಿಸುವವರಿದ್ದರು, ಮಕ್ಕಳನ್ನು ಕರೆದುಕೊಂಡು ಬಂದ ಅಮ್ಮಂದಿರೂ ಇದ್ದರು. ಆಮೇಲೆ ಹಲವರು ಬರೆದು ಕೊಡಿ ಅಂದರು. ಅಲ್ಲಿ ಆಡಿದ ಮಾತನ್ನೇ ಸ್ವಲ್ಪ ಜೋಡಿಸಿ ಇಲ್ಲಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಲ್ಪೆಯಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನೂ ತಮ್ಮನೂ ನೋಡಿಕೊಳ್ಳುತ್ತೇವೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟುಗಳು ಕಡಲಿಗೆ ಇಳಿಯುವುದಿಲ್ಲ ಅಂತ ನಿಮಗೆಲ್ಲ ಗೊತ್ತು. ಬೋಟು ಕಟ್ಟಿದ ಮೇಲೆ ಐಸಿಗೆ ಗಿರಾಕಿ ಎಲ್ಲಿ? ವರ್ಷದಲ್ಲಿ ನನಗೆ ಸಿಗುವ ಬಿಡುವು ಅದೊಂದೇ. ಆ ಬಿಡುವಿನಲ್ಲಿ ನಾನು ರೇಸಿಗೆ ಹೋಗುತ್ತೇನೆ. ನನಗೆ ಯಾರೂ ದುಡ್ಡು ಕೊಡುವುದಿಲ್ಲ, ಕಾರಿನ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. 1300 ಸಿಸಿಯ ಒಂದು ಹಳೆ ಮಾರುತಿ ಎಸ್ಟೀಮ್, ಒಳಗಿನ ಸೀಟೆಲ್ಲ ಕಿತ್ತು ಕಾರು ಮಗುಚಿದರೂ ಒಳಗಿನವನು ಜಜ್ಜಿ ಹೋಗದ ಹಾಗೆ ಕಬ್ಬಿಣದ ಪೈಪಿನ ರೋಲ್ ಕೇಜ್ ಕೂರಿಸಿದ್ದು. ವರ್ಷವಿಡೀ ಸ್ವಲ್ಪ ಸ್ವಲ್ಪ ಉಳಿಸಿದ್ದು ಟಯರಿಗೇ ಜಾಸ್ತಿ ಹೋಗುತ್ತದೆ.

ರೇಸು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಎಷ್ಟರಲ್ಲಿ ಹೋಗ್ತೀರಿ ಅಂತ. ಹೋಗುವುದರ ಬಗ್ಗೆ ನಾನು ಇವತ್ತು ಜಾಸ್ತಿ ಹೇಳುವುದಿಲ್ಲ. ನಿಲ್ಲಿಸುವುದರ ಬಗ್ಗೆ ಹೇಳುತ್ತೇನೆ. ಒಂದು ಶನಿವಾರ, ಒಂದು ಭಾನುವಾರ, ಎರಡು ದಿನದ ಕಥೆ.

ನಮ್ಮ ಊರಿನವರಿಗೆ ರೇಸು ಅರ್ಥ ಮಾಡಿಸುವುದು ಸುಲಭ, ಕಂಬಳ ನೋಡಿದವರಲ್ವಾ ನಾವು. ಹಗ್ಗದ ಕೋಣಕ್ಕೆ ಹಗ್ಗದ್ದೇ ಎದುರಾಳಿ, ನೇಗಿಲಿಗೆ ನೇಗಿಲಿನದ್ದೇ, ಅದರಲ್ಲೂ ಹಿರಿಯ ಕಿರಿಯ ಬೇರೆ ಬೇರೆ. ಕಾರಿನಲ್ಲೂ ಹಾಗೇ ಕ್ಲಾಸು ಮಾಡಿರುತ್ತಾರೆ. ಇಂಜಿನ್ ಎಷ್ಟು ಸಿಸಿ, ಏನೇನು ಬದಲಿಸಿದ್ದೀರಿ ಅಂತ ನೋಡಿ ಯಾವ ಕ್ಲಾಸು ಅಂತ ಹೇಳುತ್ತಾರೆ. ಇನ್ನೊಂದು ವಿಷಯ ನೆನಪು ಮಾಡಿಕೊಳ್ಳಿ. ಗಂತಿನಿಂದ, ಅಂದರೆ ಓಟ ಶುರುವಾಗುವ ಕಡೆಯಿಂದ, ಬಿಟ್ಟ ಕೋಣ ಓಟ ಮುಗಿಯುವ ಮಂಜೊಟ್ಟಿ ಮುಟ್ಟಿದ ಮೇಲೆ ನಿಲ್ಲಬೇಕಲ್ಲ, ಅದಕ್ಕೇ ಆ ಕಡೆ ಕರೆ, ಅಂದರೆ ಓಟದ ಗದ್ದೆ, ಏರಾಗಿರುತ್ತದೆ. ಅಷ್ಟು ರಭಸದಲ್ಲಿ ಬಂದ ಜೋಡಿ ಆ ಏರಿನಲ್ಲಿ ತಾನಾಗಿಯೇ ನಿಧಾನ ಆಗುತ್ತದೆ. ಕರೆ ಕಟ್ಟಿದ ಹಿರಿಯರು ಓಟದ ಜೊತೆಗೆ ನಿಲ್ಲುವುದನ್ನೂ ಯೋಚಿಸಿ ಕಟ್ಟಿದ್ದಾರೆ. ರೇಸ್ ಟ್ರ್ಯಾಕಿನಲ್ಲಿ ಆ ಏರು ಇಲ್ಲ. ಪ್ರತಿ ತಿರುವಿಗೆ ಮೊದಲು ಆ ಕೆಲಸವನ್ನು ಬ್ರೇಕೇ ಮಾಡಬೇಕು.

ನಾವು ಹೋದದ್ದು ಕೊಯಮತ್ತೂರಿಗೆ. ರೇಸ್ ಕಾರನ್ನು ರೋಡಿನಲ್ಲಿ ಓಡಿಸುವ ಹಾಗಿಲ್ಲ. ಒಂದು ಲಾರಿಗೆ ಹತ್ತಿಸಿ, ಮುಂದೆ ಡ್ರೈವರ್ ಪಕ್ಕದಲ್ಲಿ ನಾನೂ ತಮ್ಮನೂ ಕೂತು ಗುರುವಾರ ರಾತ್ರಿ ಹೊರಟೆವು. ಹೊರಡುವಾಗ ಅಮ್ಮ ಬಾಗಿಲಿಗೆ ಬಂದು "ನಿಧಾನ ಹೋಗಿ ಮಕ್ಳೇ" ಅಂದರು. ಪ್ರತಿ ಸಲ ಹೇಳುವ ಮಾತು. ತಲಪಾಡಿ ದಾಟಿದರೂ ಮಳೆ ಬಿಡಲಿಲ್ಲ, ಕಣ್ಣೂರು, ಕೋಝಿಕ್ಕೋಡ್ ಎಲ್ಲ ಮಳೆಯಲ್ಲೇ ಹೋಯಿತು. ಪಾಲಕ್ಕಾಡ್ ಹತ್ತಿರ ಬೆಟ್ಟಸಾಲು ಬಾಗಿಲು ತೆರೆದ ಹಾಗೆ ಎರಡು ಕಡೆಗೆ ಸರಿಯುತ್ತದೆ. ಮುಂಗಾರಿನ ಗಾಳಿಯೆಲ್ಲ ಆ ಸಂದಿಯಿಂದ ನುಗ್ಗುತ್ತದೆ, ಮಳೆ ಮಾತ್ರ ಹೆಚ್ಚಿನದು ಈಚೆಯೇ ಸುರಿದು ಮುಗಿದಿರುತ್ತದೆ. ಕೊಯಮತ್ತೂರು ಮುಟ್ಟುವಾಗ ಬಿಸಿಲು, ಗಾಳಿ, ಧೂಳು. ಹಿಂದಿನ ರಾತ್ರಿ ತೊಯ್ದ ಟಾರ್ಪಾಲು ಒಂದು ಗಂಟೆಯಲ್ಲಿ ಒಣಗಿತು.

ಊರಿನ ಹೊರಗೆ ಚೆಟ್ಟಿಪಾಳ್ಯಂ ಅಂತ ಜಾಗ. ಅಲ್ಲಿರುವುದು ಕರಿ ಮೋಟರ್ ಸ್ಪೀಡ್‌ವೇ, ಒಂದು ಸುತ್ತು 2.1 ಕಿ.ಮೀ. ಎಸ್. ಕರಿವರ್ಧನ್ ಅವರ ನೆನಪಿನಲ್ಲಿ ಕಟ್ಟಿದ್ದು, 2003ರಲ್ಲಿ ಶುರುವಾಯಿತು. ಮಾರುತಿ 800ರ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಅಂತ ಒಬ್ಬರೇ ಕೂರುವ ರೇಸ್ ಕಾರು ಮಾಡಿದವರು ಅವರು. ವಿದೇಶದಿಂದ ಕಾರು ತರಿಸುವ ಶಕ್ತಿ ಇಲ್ಲದ ಎಷ್ಟೋ ಹುಡುಗರು ಆ ಕಾರಿನಲ್ಲಿ ರೇಸು ಕಲಿತರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ನಮ್ಮ ದೇಶದಿಂದ ಮೊದಲು ಫಾರ್ಮುಲಾ ಒನ್‌ಗೆ ಹೋದ ನಾರಾಯಣ್ ಕಾರ್ತಿಕೇಯನ್, 2005ರಲ್ಲಿ, ಅವರೂ ಇದೇ ಕೊಯಮತ್ತೂರಿನವರು. ನನ್ನ ಹಾಗೆ ದೂರದ ಊರಿನ ಹವ್ಯಾಸಿಗೂ ಇವತ್ತು ಓಡಿಸಲು ಒಂದು ಟ್ರ್ಯಾಕು ಇದೆ ಅಂದರೆ ಅದು ಇಂಥವರಿಂದ. ಅವರ ಹೆಸರನ್ನು ನಾನು ಹೇಳಲೇಬೇಕು.

ಶುಕ್ರವಾರ ಸ್ಕ್ರುಟಿನಿ. ಅಂದರೆ ಕಾರಿನ ತಪಾಸಣೆ. ರೋಲ್ ಕೇಜ್ ಬೋಲ್ಟು, ಬೆಂಕಿ ಆರಿಸುವ ಸಿಲಿಂಡರ್, ಹೊರಗಿನಿಂದಲೇ ಕರೆಂಟು ಕಟ್ ಮಾಡುವ ಸ್ವಿಚ್ಚು, ಅದರ ಪಕ್ಕ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಸ್ಟಿಕರ್, ಎಳೆಯುವ ಕೊಕ್ಕೆ, ಎಲ್ಲ ಮುಟ್ಟಿ ನೋಡುತ್ತಾರೆ. ಆಮೇಲೆ ನಮ್ಮ ಹೆಲ್ಮೆಟ್ಟು, ಬೆಂಕಿ ತಡೆಯುವ ಬಟ್ಟೆ, ಬೆಲ್ಟು, ಹ್ಯಾನ್ಸ್. ಈ ಹ್ಯಾನ್ಸ್ ಬಗ್ಗೆ ಒಂದು ಮಾತು. ಕಾರು ಗೋಡೆಗೆ ಬಡಿದರೆ ಕಾರು ನಿಲ್ಲುತ್ತದೆ, ಬೆಲ್ಟು ಎದೆಯನ್ನು ಹಿಡಿದು ನಿಲ್ಲಿಸುತ್ತದೆ, ತಲೆಯನ್ನು ಯಾರು ನಿಲ್ಲಿಸುವುದು? ಹೆಲ್ಮೆಟ್ ಹಾಕಿದ ತಲೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಕತ್ತಿನ ಬುಡದಲ್ಲಿ ಪೆಟ್ಟಾಗಿ ಎಷ್ಟೋ ಜನ ಹಾಗೇ ಸತ್ತರು. ಅಮೆರಿಕದಲ್ಲಿ ರಾಬರ್ಟ್ ಹಬ್ಬರ್ಡ್ ಅಂತ ಒಬ್ಬರು ಮೇಷ್ಟ್ರು, ಅವರ ಭಾವ ಜಿಮ್ ಡೌನಿಂಗ್ ರೇಸರ್. ಇಬ್ಬರೂ ಸೇರಿ 1980ರ ದಶಕದಲ್ಲಿ ಹೆಗಲ ಮೇಲೆ ಕೂರುವ ಒಂದು ಪಟ್ಟಿ ಮಾಡಿ, ಅದರಿಂದ ಹೆಲ್ಮೆಟ್ಟಿಗೆ ಎರಡು ದಾರ ಕಟ್ಟಿದರು. ಫಾರ್ಮುಲಾ ಒನ್‌ನಲ್ಲಿ 2003ರಿಂದ ಅದು ಕಡ್ಡಾಯ. ನಾನು ಹಾಕುವಾಗಲೆಲ್ಲ ಆ ಭಾವ ಭಾವಮೈದುನರನ್ನು ನೆನೆಸುತ್ತೇನೆ.

ತಪಾಸಣೆ ಮಾಡುವವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು?" ನಾನು "ಬದಲಿಸಿದ್ದೇನೆ ಸಾರ್" ಅಂದೆ. ಸುಳ್ಳಲ್ಲ. ಆದರೆ ಬದಲಿಸಿ ಎರಡು ಮಳೆಗಾಲ ಕಳೆದಿತ್ತು. ಅದನ್ನು ಹೇಳಲಿಲ್ಲ.

ಈಗ ಬ್ರೇಕಿನ ಲೆಕ್ಕ. ನೇರ ದಾರಿಯ ಕೊನೆಗೆ ನನ್ನ ಕಾರು 130ರ ಹತ್ತಿರ ಇರುತ್ತದೆ. ಅಂದರೆ ಒಂದು ಸೆಕೆಂಡಿಗೆ 36 ಮೀಟರ್. ತಿರುವಿಗೆ 60ಕ್ಕೆ ಇಳಿಸಬೇಕು. ಪಕ್ಕದಲ್ಲಿ ಬೋರ್ಡು ಇರುತ್ತದೆ, ತಿರುವಿಗೆ ಇನ್ನು ಎಷ್ಟು ಮೀಟರ್ ಅಂತ. ನಾನು ಬ್ರೇಕ್ ಒತ್ತುವುದು 100ರ ಬೋರ್ಡಿನ ಹತ್ತಿರ. ಕಾರು, ನಾನು ಸೇರಿ ಸಾವಿರ ಕೆಜಿ ಅಂತ ಇಟ್ಟುಕೊಳ್ಳಿ. ಆ ವೇಗ ಎಲ್ಲಿಗೂ ಮಾಯವಾಗುವುದಿಲ್ಲ, ಬಿಸಿಯಾಗಿ ಬ್ರೇಕಿನೊಳಗೆ ಇಳಿಯುತ್ತದೆ. ಎಷ್ಟು ಬಿಸಿ? ಐಸ್ ಪ್ಲಾಂಟಿನವನು ನಾನು, ನನ್ನ ಲೆಕ್ಕದಲ್ಲೇ ಹೇಳುತ್ತೇನೆ. ಒಂದೂವರೆ ಕೆಜಿ ಮಂಜುಗಡ್ಡೆಯನ್ನು ಪೂರ್ತಿ ನೀರು ಮಾಡುವಷ್ಟು. ನಮ್ಮ ಅಂಗಳದಲ್ಲಿ ಅಷ್ಟು ದೊಡ್ಡ ತುಂಡು ಬಿದ್ದರೆ ಕರಗಲು ಎಷ್ಟು ಹೊತ್ತು ಬೇಕು ಅಂತ ನೀವು ನೋಡಿದ್ದೀರಿ. ಇಲ್ಲಿ ಅಷ್ಟೂ ಬಿಸಿ ಎರಡು ಮೂರು ಸೆಕೆಂಡಿನಲ್ಲಿ ನಾಲ್ಕು ಚಕ್ರದ ಬ್ರೇಕಿಗೆ, ಅದರಲ್ಲೂ ಮುಂದಿನ ಎರಡಕ್ಕೇ ಜಾಸ್ತಿ, ಹೋಗಿ ಕೂರುತ್ತದೆ. ಮುಂದಿನ ತಿರುವಿನಲ್ಲಿ ಮತ್ತೆ, ಅದರ ಮುಂದಿನದರಲ್ಲಿ ಮತ್ತೆ, ಆರಲು ಹೊತ್ತೇ ಸಿಗುವುದಿಲ್ಲ.

ಕಾಲಿನ ಒತ್ತಡವನ್ನು ಚಕ್ರದ ತನಕ ಮುಟ್ಟಿಸುವುದು ಬ್ರೇಕ್ ಆಯಿಲ್. ದ್ರವವನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಹಾಗಾಗಿ ಇಲ್ಲಿ ಒತ್ತಿದ್ದು ಅಲ್ಲಿ ಮುಟ್ಟುತ್ತದೆ. ಆದರೆ ಈ ಆಯಿಲಿಗೆ ಒಂದು ಗುಣ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮನೆಯ ಉಪ್ಪಿನ ಡಬ್ಬಿಯ ಹಾಗೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿರುವಾಗ 230 ಡಿಗ್ರಿ ದಾಟಿದ ಮೇಲೆಯೇ ಕುದಿಯಬೇಕು ಅಂತ ನಿಯಮ. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರಬೇಕಾಗಿಲ್ಲ, ಅಷ್ಟರಲ್ಲೇ ಅದು 155ಕ್ಕೆ ಇಳಿಯಬಹುದು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಊರು ನಮ್ಮದು, ಗೋಡೆಯೇ ಬೆವರುತ್ತದೆ. ಎರಡು ಮಳೆಗಾಲ ಶೆಡ್ಡಿನಲ್ಲಿ ನಿಂತ ಕಾರಿನೊಳಗಿನ ಆಯಿಲ್ ಏನಾಗಿರಬೇಕು ಹೇಳಿ.

ಶನಿವಾರ ಬೆಳಿಗ್ಗೆ ಪ್ರಾಕ್ಟೀಸು. ಮೂರು ಸುತ್ತು ಚೆನ್ನಾಗಿತ್ತು. ನಾಲ್ಕನೆಯದರಲ್ಲಿ ಪೆಡಲ್ ಒಂದು ಬೆರಳಿನಷ್ಟು ಕೆಳಗೆ ಹೋದ ಹಾಗೆ ಅನಿಸಿತು. ಐದನೆಯದರಲ್ಲಿ ಸ್ಪಂಜು ಒತ್ತಿದ ಹಾಗಿತ್ತು. ನಾನು ಆಗಲೇ ಟ್ರ್ಯಾಕು ಬಿಟ್ಟು ಪಿಟ್ಟಿಗೆ, ಅಂದರೆ ಕಾರು ನಿಲ್ಲಿಸಿ ನೋಡುವ ಜಾಗಕ್ಕೆ, ಬರಬೇಕಿತ್ತು, ಇನ್ನೊಂದೇ ಸುತ್ತು ಅಂದುಕೊಂಡೆ. ಆರನೆಯ ಸುತ್ತಿನಲ್ಲಿ 100ರ ಬೋರ್ಡು ಬಂತು, ಕಾಲು ಇಟ್ಟೆ, ಪೆಡಲ್ ಸೀದಾ ನೆಲಕ್ಕೆ ಹೋಯಿತು. ಏನೂ ಇಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟಾಗ ಆಗುತ್ತದಲ್ಲ, ಹೊಟ್ಟೆಯೊಳಗೆ ಹಾಗೆ ಆಯಿತು. ಆಯಿಲಿನ ನೀರು ಕುದಿದು ಆವಿ ಆಗಿದೆ, ಆವಿ ಕುಗ್ಗುತ್ತದೆ, ಕಾಲು ಒತ್ತಿದ್ದೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚು. ಇದೆಲ್ಲ ಆಮೇಲೆ ಯೋಚಿಸಿದ್ದು. ಆಗ ಕಾಲು ತಾನಾಗಿ ಪಂಪ್ ಮಾಡಿತು, ಒಂದು, ಎರಡು, ಮೂರು, ಕೈ ಗೇರನ್ನು ಮೂರಕ್ಕೆ, ಎರಡಕ್ಕೆ ಎಳೆಯಿತು, ಇಂಜಿನ್ ಕೂಗಿತು, ಸ್ವಲ್ಪ ಹಿಡಿಯಿತು, ಸಾಲಲಿಲ್ಲ. ಸ್ಟೇರಿಂಗ್ ತಿರುಗಿಸಿದರೆ ಮಗುಚುತ್ತದೆ ಅಂತ ನೇರ ಬಿಟ್ಟೆ. ಟ್ರ್ಯಾಕು ದಾಟಿ ಹುಲ್ಲು ಮಣ್ಣಿನ ಜಾಗದಲ್ಲಿ ಕುಲುಕುತ್ತಾ ಹೋಗಿ, ಧೂಳಿನೊಳಗೆ, ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾರಿಗೂ ಆಗಲಿಲ್ಲ.

ಧೂಳು ಇಳಿಯುವ ಮೊದಲೇ ಹಳದಿ ಬಾವುಟ ಬೀಸುವುದು ಕಂಡಿತು. ಹಳದಿ ಅಂದರೆ ಮುಂದೆ ಅಪಾಯ, ನಿಧಾನ ಮಾಡಿ, ಯಾರನ್ನೂ ಹಿಂದೆ ಹಾಕಬೇಡಿ. ಬೀಸುತ್ತಿದ್ದವನಿಗೆ ಇಪ್ಪತ್ತು ವರ್ಷ ಇರಬಹುದು. ಅವನ ಜೊತೆಯವನು ಬೆಂಕಿಯ ಸಿಲಿಂಡರ್ ಹಿಡಿದು ನನ್ನ ಕಡೆ ಓಡಿ ಬಂದ. ಇವರನ್ನು ಮಾರ್ಷಲ್ ಅನ್ನುತ್ತಾರೆ. ಬೆಳಿಗ್ಗೆಯಿಂದ ಸಂಜೆ ತನಕ ಬಿಸಿಲಿನಲ್ಲಿ, ಅವರವರ ತಿರುವಿನಲ್ಲಿ, ಕುರ್ಚಿ ಇದ್ದರೂ ಕೂರದೆ ನಿಂತಿರುತ್ತಾರೆ. ಕಪ್ಪು ಬಿಳುಪು ಚೌಕದ ಬಾವುಟ ಎಲ್ಲರಿಗೂ ಗೊತ್ತು, ಅದು ಒಂದು ರೇಸಿಗೆ ಒಂದೇ ಸಲ. ನೀಲಿ, ಬಿಳಿ, ಕೆಂಪು, ರಸ್ತೆಯಲ್ಲಿ ಆಯಿಲ್ ಚೆಲ್ಲಿದರೆ ಹಳದಿ ಕೆಂಪು ಪಟ್ಟೆಯದ್ದು, ಇವುಗಳಿಂದಲೇ ನಾವು ಮನೆಗೆ ಹೋಗುವುದು. ಆ ಹುಡುಗ ಕಿಟಕಿಯ ಹತ್ತಿರ ಬಗ್ಗಿ ಕೇಳಿದ್ದು ಎರಡೇ ಶಬ್ದ, "ಓಕೆನಾ ಅಣ್ಣಾ?" ತಮಿಳು ಹುಡುಗ. ಆ ಅಣ್ಣ ಅನ್ನುವ ಶಬ್ದ ಕೇಳಿದ ಮೇಲೆಯೇ ನನ್ನ ಕೈ ನಡುಗಲು ಶುರುವಾಯಿತು.

ಕಾರನ್ನು ಪ್ಯಾಡಾಕಿಗೆ, ನಾವೆಲ್ಲ ಟೆಂಟು ಹಾಕಿದ್ದ ಜಾಗಕ್ಕೆ, ಎಳೆದು ತಂದರು. ನನ್ನ ಹತ್ತಿರ ಇದ್ದದ್ದು ಅರ್ಧ ಬಾಟಲಿ ಆಯಿಲ್, ಅದೂ ಯಾವಾಗಲೋ ಮುಚ್ಚಳ ತೆರೆದದ್ದು. ಮುಚ್ಚಳ ತೆರೆದ ಬಾಟಲಿಯೂ ತೇವ ಎಳೆಯುತ್ತದೆ, ಅದು ಬೇಡ. ಪಕ್ಕದ ಟೆಂಟಿನಲ್ಲಿ ತ್ರಿಶೂರಿನವರು ಒಬ್ಬರು, ಐವತ್ತು ದಾಟಿದವರು, ನನ್ನದೇ ಕ್ಲಾಸಿನಲ್ಲಿ ನನ್ನದೇ ತರದ ಎಸ್ಟೀಮ್. ನಾನು ಅವರನ್ನು ಚೇಟ್ಟ ಅಂತ ಕರೆಯುತ್ತೇನೆ, ಮಲಯಾಳದಲ್ಲಿ ಅಣ್ಣ ಅಂತ. ಅವರು ಬಂದು ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡಿದರು. ಏನೂ ಹೇಳಲಿಲ್ಲ. ವಾಪಸು ಹೋಗಿ ಸೀಲು ಒಡೆಯದ ಎರಡು ಬಾಟಲಿ, ಒಂದು ಪಾರದರ್ಶಕ ಪೈಪು, ರಿಂಗ್ ಸ್ಪ್ಯಾನರ್ ತಂದರು.

ಏರ್ ತೆಗೆಯುವ ಕೆಲಸ ಗ್ಯಾರೇಜಿನವರಿಗೆ ಗೊತ್ತು, ಅದಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಚಕ್ರದ ಹಿಂದೆ ಮಲಗಿ, ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು, ಆ ನಿಪ್ಪಲ್ ಸಡಿಲ ಮಾಡಬೇಕು, ಆಯಿಲ್ ಹೊರಗೆ ಬಂದ ಕೂಡಲೇ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲು ಒಳಗಿನವನು ಕಾಲು ತೆಗೆದರೆ ಗಾಳಿ ವಾಪಸು ಒಳಗೆ ಹೋಗುತ್ತದೆ. ಚೇಟ್ಟ ಮಲಗಿದರು, ನಾನು ಒಳಗೆ ಕೂತೆ, ತಮ್ಮ ಡಬ್ಬಿಗೆ ಆಯಿಲ್ ತುಂಬಿಸುತ್ತಾ ನಿಂತ. ದೂರದ ಹಿಂದಿನ ಚಕ್ರದಿಂದ ಶುರು. "ಒತ್ತು." "ಒತ್ತಿದೆ." "ಹಿಡಿ." "ಹಿಡಿದೆ." "ಬಿಡು." ಒಂದು ಚಕ್ರಕ್ಕೆ ಹದಿನೈದು ಇಪ್ಪತ್ತು ಸಲ. ಮೊದಲು ಬಂದದ್ದು ಹಾಲು ಹಾಕದ ಕಪ್ಪು ಕಣ್ಣ ಚಾದ ಬಣ್ಣ, ನಡುವೆ ಗುಳ್ಳೆ. ಪೈಪಿನಲ್ಲಿ ಆ ಗುಳ್ಳೆಗಳು ಒಂದರ ಹಿಂದೆ ಒಂದು ಏರುವುದನ್ನು ತಮ್ಮ ನನಗೆ ಹೇಳುತ್ತಿದ್ದ. ಆಮೇಲೆ ಬಣ್ಣ ತಿಳಿಯಾಯಿತು, ಜೇನಿನ ಹಾಗೆ. ಗುಳ್ಳೆ ನಿಂತಿತು. ನಾಲ್ಕು ಚಕ್ರ ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ. ನನ್ನ ಕಾಲಿನ ಕೆಳಗೆ ಪೆಡಲ್ ಕಲ್ಲಿನ ಹಾಗೆ ನಿಂತಿತ್ತು. ಚೇಟ್ಟ ಊಟ ಮಾಡಿರಲಿಲ್ಲ. ಒಂದು ಬಿಳಿ ಟೇಪು ಹರಿದು, ಅದರ ಮೇಲೆ ಪೆನ್ನಿನಿಂದ ಆವತ್ತಿನ ದಿನಾಂಕ ಬರೆದು, ಆಯಿಲ್ ಡಬ್ಬಿಗೆ ಅಂಟಿಸಿದರು. "ಇನ್ನು ಯಾರಾದರೂ ಕೇಳಿದರೆ ಇದನ್ನು ತೋರಿಸು" ಅಂದರು. ಶುಕ್ರವಾರದ ನನ್ನ ಉತ್ತರ ಅವರು ಕೇಳಿಸಿಕೊಂಡಿದ್ದರು.

ಮರುದಿನ ಇದೇ ಮನುಷ್ಯನ ಜೊತೆ ನಾನು ಪೈಪೋಟಿ ಮಾಡಬೇಕು. ನಾನು ರೇಸು ಓಡದೆ ಹೋಗಿದ್ದರೆ ಅವರಿಗೊಂದು ಸ್ಥಾನ ಸುಮ್ನೆ ಸಿಗುತ್ತಿತ್ತು. ಹವ್ಯಾಸಿ ರೇಸಿನಲ್ಲಿ ಇದು ಅಪರೂಪವೇನಲ್ಲ. ನಾನು ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಎದುರಾಳಿಯ ಕ್ಲಚ್ ಕೇಬಲ್ ಹಾಕಿಕೊಂಡು ಓಡಿದವರಿದ್ದಾರೆ. ಇದನ್ನು ಬಿಟ್ಟು ಇರಲು ನನ್ನಿಂದ ಆಗುವುದಿಲ್ಲ.

ಶನಿವಾರ ಸಂಜೆ ಕ್ವಾಲಿಫೈಯಿಂಗ್, ಅಂದರೆ ರೇಸಿನಲ್ಲಿ ಯಾರು ಎಷ್ಟನೆಯ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ. 16 ಕಾರಿನಲ್ಲಿ ನಾನು 11ನೆಯವನು, ಚೇಟ್ಟ 9. ಭಾನುವಾರ ರೇಸು 10 ಸುತ್ತು, ಅಂದರೆ 21 ಕಿ.ಮೀ. ಇಲ್ಲಿಂದ ಉಚ್ಚಿಲದ ತನಕ ಇರಬಹುದು. ಹದಿನಾಲ್ಕು ನಿಮಿಷದ ಕೆಲಸಕ್ಕೆ ಒಂದು ವರ್ಷದ ತಯಾರಿ. ಗ್ರಿಡ್ಡಿನಲ್ಲಿ ನಿಂತಾಗ ಕೆಂಪು ದೀಪ ಹತ್ತಿಕೊಳ್ಳುತ್ತವೆ, ಆರಿದಾಗ ಹೊರಡಬೇಕು. ಮೊದಲ ತಿರುವಿನ ಬಗ್ಗೆ ನನಗೆ ನೆನಪಿಲ್ಲ, ಯಾವತ್ತೂ ನೆನಪಿರುವುದಿಲ್ಲ. ಅಲ್ಲಿ ಇಬ್ಬರು ಒಬ್ಬರನ್ನೊಬ್ಬರು ತಾಗಿಸಿ ಹೊರಗೆ ಹೋದರು, ನಾನು 9ಕ್ಕೆ ಬಂದೆ, ಮುಂದೆ ಚೇಟ್ಟ.

ಏಳು ಸುತ್ತು ಅವರ ಹಿಂದೆಯೇ ಓಡಿದೆ. ಹಿಂದೆ ಓಡುವಾಗ ಮುಂದಿನವರ ಕೈ ಎಷ್ಟು ಚೆನ್ನ ಅಂತ ಕಾಣುತ್ತದೆ. ಅವರು ಬ್ರೇಕ್ ಒತ್ತಿದರೆ ಕಾರು ಮುಗ್ಗರಿಸುವುದಿಲ್ಲ. ಮೊದಲು ಗಟ್ಟಿ ಒತ್ತಿ, ತಿರುವು ಹತ್ತಿರ ಬಂದ ಹಾಗೆ ಕಾಲನ್ನು ಮೆಲ್ಲ ಮೆಲ್ಲ ಎತ್ತುತ್ತಾರೆ. ಆಗ ಭಾರ ಮುಂದಿನ ಚಕ್ರದ ಮೇಲೆಯೇ ಉಳಿದು ಕಾರು ತಾನಾಗಿ ಒಳಗೆ ತಿರುಗುತ್ತದೆ. ತುಂಬಿದ ಕೊಡ ಇಳಿಸುವ ಹಾಗೆ. ನಾನು ಅವರ ಬ್ರೇಕ್ ಲೈಟ್ ಎಲ್ಲಿ ಹತ್ತುತ್ತದೆ ಅಂತ ನೋಡುತ್ತಾ ಹೋದೆ. ಬೋರ್ಡಿಗೆ ಸ್ವಲ್ಪ ಮೊದಲು. ಪ್ರತಿ ಸುತ್ತು ಅದೇ ಜಾಗ.

ಎಂಟನೆಯ ಸುತ್ತಿನಲ್ಲಿ ನಾನು ಒಳಬದಿಗೆ ಬಂದೆ. ಅವರ ಲೈಟ್ ಹತ್ತಿತು, ನಾನು ಒತ್ತಲಿಲ್ಲ, ಬೋರ್ಡು ಪಕ್ಕಕ್ಕೆ ಬಂತು, ಆಗ ಒತ್ತಿದೆ. ಹಿಂದಿನ ದಿನ ಖಾಲಿಯಾಗಿದ್ದ ಅದೇ ಜಾಗ. ಪೆಡಲ್ ಗಟ್ಟಿ ನಿಂತಿತು, ಬೆಲ್ಟು ಎದೆಗೆ ಬಿಗಿಯಿತು, ಎರಡೂ ಕಾರು ಪಕ್ಕ ಪಕ್ಕ ತಿರುವಿಗೆ ಹೋದವು. ಅವರು ಅಡ್ಡ ಬಂದು ನನ್ನ ದಾರಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ, ಒಂದು ಕಾರಿನ ಅಗಲ ಜಾಗ ಬಿಟ್ಟರು, ನಿಯಮ ಹೇಳುವಷ್ಟು, ಕೂದಲೂ ಕಡಿಮೆ ಇಲ್ಲ. ನಾನು 8ನೆಯವನಾಗಿ ಮುಗಿಸಿದೆ, ಅವರು 9.

ರೇಸು ಮುಗಿದ ಮೇಲೆ ಕಾರುಗಳನ್ನು ಒಂದು ಕಡೆ ನಿಲ್ಲಿಸಿ ಯಾರೂ ಮುಟ್ಟದ ಹಾಗೆ ಕಾಯುತ್ತಾರೆ. ನಾನು ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ, ಚೇಟ್ಟ ಬಂದರು. ಮೊದಲು ಕೇಳಿದ್ದು "ಪೆಡಲ್ ಹೇಗಿತ್ತು?" ನನಗೆ ಗಂಟಲು ಕಟ್ಟಿತು. ಕೈ ಮುಗಿದೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ, ಟ್ರ್ಯಾಕಿಗೆ ಹೋಗಲು ದುಡ್ಡಿಲ್ಲ, ರಾತ್ರಿ ಹೈವೇಯಲ್ಲಿ ಪ್ರಾಕ್ಟೀಸ್ ಮಾಡಿದರೆ ಏನು ಅಂತ. ಅವನು ಕೇಳಿದ್ದು ನನಗೆ ಒಳ್ಳೆಯದೇ ಆಯಿತು. ನಾನು ಬ್ರೇಕ್ ಇಲ್ಲದೆ ಹೊರಗೆ ಹೋದಾಗ ಅಲ್ಲಿ ಹುಲ್ಲು ಮಣ್ಣಿತ್ತು. 66ರ ಹೆದ್ದಾರಿಯಲ್ಲಿ ಅದೇ ಜಾಗದಲ್ಲಿ ಬಸ್‌ಸ್ಟ್ಯಾಂಡ್ ಇರುತ್ತದೆ, ಡಿವೈಡರ್ ಸಂದಿಯಿಂದ ದಾಟುವ ಅಜ್ಜಿ ಇರುತ್ತಾರೆ, ಉಲ್ಟಾ ಬರುವ ಸ್ಕೂಟರ್ ಇರುತ್ತದೆ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎಲ್ಲರಿಗೂ ಹೆಲ್ಮೆಟ್ ಇದೆ, ಎಲ್ಲರೂ ಒಪ್ಪಿ ಬಂದವರು. 100ರಲ್ಲಿ ಹೋಗುವಾಗ ಕಣ್ಣು ಕಂಡದ್ದು ಕಾಲಿಗೆ ಮುಟ್ಟಲು ಒಂದು ಸೆಕೆಂಡ್ ಅಂದರೂ ಅಷ್ಟರಲ್ಲೇ 28 ಮೀಟರ್ ಹೋಗಿ ಆಗಿರುತ್ತದೆ. ಆ ಅಜ್ಜಿ ನಿನ್ನ ಪ್ರಾಕ್ಟೀಸಿಗೆ ಒಪ್ಪಿದ್ದಾರಾ ಮಗಾ? ಸುಮ್ನೆ ಒಂದು ಸಲ ಬಂದು ಮಾರ್ಷಲ್ ಆಗಿ ನಿಲ್ಲು, ಅದಕ್ಕೆ ಕಾರು ಬೇಡ. ಕಾರು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಅಂತ ತಿರುವಿನಲ್ಲಿ ನಿಂತವನಿಗೆ ಕಾಣುವಷ್ಟು ಒಳಗೆ ಕೂತವನಿಗೆ ಕಾಣುವುದಿಲ್ಲ.

ಇನ್ನೊಬ್ಬರು ಬಾಡಿಗೆ ಕಾರು ಓಡಿಸುವವರು. ವಾರಕ್ಕೆರಡು ಸಲ ಆಗುಂಬೆ ಇಳಿಯುತ್ತಾರೆ. ಹದಿನಾಲ್ಕು ಹೇರ್‌ಪಿನ್, ಏಳು ಜನ, ಮೇಲೆ ಲಗೇಜು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು. ನಿಮ್ಮ ರೇಸಿನಲ್ಲಿ ಆದದ್ದು ನಮ್ಮ ಗಾಡಿಯಲ್ಲೂ ಆಗುತ್ತದಾ ಅಂತ ಕೇಳಿದರು. ಖಂಡಿತ ಆಗುತ್ತದೆ. ಘಾಟಿ ಹತ್ತುವ ಗೇರಿನಲ್ಲೇ ಇಳಿಯಿರಿ, ಇಂಜಿನ್ ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಆರಲು ಹೊತ್ತು ಸಿಗುತ್ತದೆ. ಪೆಡಲ್ ಮೆತ್ತಗೆ ಅನಿಸಿದರೆ ಅಲ್ಲೇ ನಿಲ್ಲಿಸಿ, ನನ್ನ ಹಾಗೆ ಇನ್ನೊಂದು ಸುತ್ತು ಅನ್ನಬೇಡಿ. ಆಯಿಲ್ ಎರಡು ವರ್ಷಕ್ಕೆ ಬದಲಿಸಿ ಅಂತ ಹೇಳುವ ಕಂಪನಿಗಳೇ ಜಾಸ್ತಿ. ನಮ್ಮ ಕರಾವಳಿಯ ತೇವಕ್ಕೆ ನಾನಂತೂ ವರ್ಷಕ್ಕೊಮ್ಮೆ ಅನ್ನುತ್ತೇನೆ.

ಎಲ್ಲರೂ ಹೋದ ಮೇಲೆ ಅವರು ಹೊರಗೆ ನನಗಾಗಿ ಕಾಯುತ್ತಿದ್ದರು. ಬಾನೆಟ್ ಎತ್ತಿದರು, ನಾನು ಮೊಬೈಲ್ ಟಾರ್ಚು ಹಿಡಿದೆ. ಡಬ್ಬಿಯೊಳಗೆ ಕಪ್ಪು ಕಣ್ಣ ಚಾ. ಯಾವಾಗ ಬದಲಿಸಿದ್ದು ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು, ಗಾಡಿ ತಗೊಂಡು ನಾಲ್ಕು ವರ್ಷ ಆಯ್ತು, ನೆನಪಿಲ್ಲ ಅಂತ. ಬೆಳಿಗ್ಗೆ ಬೇಗ ಶೃಂಗೇರಿಗೆ ಒಂದು ಟ್ರಿಪ್ಪಿತ್ತು, ಅದನ್ನು ಅಲ್ಲೇ ನಿಂತು ಫೋನ್ ಮಾಡಿ ಇನ್ನೊಬ್ಬರಿಗೆ ವಹಿಸಿದರು. ನನ್ನ ಬ್ಯಾಗಿನಲ್ಲಿ ಬಿಳಿ ಟೇಪಿನ ಸುರುಳಿ ಇತ್ತು. ಒಂದು ತುಂಡು ಹರಿದು ಕೊಟ್ಟೆ.